ಬಾರ್ಲಿ ಚಹಾದ ಬಣ್ಣ

ಮಿಸಾವೊ ಯಾರನ್ನೇ ಕಂಡರೂ ಮೊದಲು ನೋಡುವುದು ಬಾಯಿಯನ್ನು. ತುಟಿ ಒಣಗಿದೆಯೇ, ನಾಲಗೆ ಬಿಳಿಗಟ್ಟಿದೆಯೇ, ಕಟ್ಟಿಸಿದ ಹಲ್ಲು ಸಡಿಲವಾಗಿದೆಯೇ. ಒಸಾಕಾದ ದಕ್ಷಿಣಕ್ಕೆ, ಟವೆಲ್ ನೇಯುವ ನಮ್ಮ ಊರಿನಲ್ಲಿ ವೃದ್ಧರು ಹಗಲು ಹೊತ್ತು ಕಳೆಯುವ ಮನೆಯೊಂದಿದೆ. ಊಟವಾದ ಮೇಲೆ ಅಲ್ಲಿ ಒಬ್ಬೊಬ್ಬರ ಬಾಯನ್ನೂ ಶುಚಿ ಮಾಡುವುದು ಅವಳ ಕೆಲಸ. ಅವಳ ತಾಯಿ ಹಾಸಿಗೆ ಹಿಡಿದಾಗ ಬಾಯಿ ತೊಳೆಯಬೇಕೆಂದು ಯಾರಿಗೂ ತೋಚಿರಲಿಲ್ಲ, ಮಿಸಾವೊಗೂ. ಬಾಯಿಯ ಕೊಳೆ ಜೊಲ್ಲಿನ ಜೊತೆ ಎದೆಗಿಳಿದು ನ್ಯುಮೋನಿಯಾ ಆಯಿತು, ತಾಯಿ ಹೋದಳು. ಅದಾದ ಮೇಲೆಯೇ ಮಿಸಾವೊ ಈ ಕೆಲಸ ಕಲಿತದ್ದು.

ಹೊರಗಿನಿಂದ ಬಂದವರು ಕೈ ತೊಳೆದು, ತಲೆ ಹಿಂದಕ್ಕೆ ವಾಲಿಸಿ, ಗಂಟಲಲ್ಲಿ ನೀರು ಗೊಳಗೊಳ ಅನ್ನಿಸಿ ಉಗಿದ ಮೇಲೆಯೇ ಮನೆಯವರನ್ನು ಮಾತಾಡಿಸುವುದು ನಮ್ಮಲ್ಲಿ ರೂಢಿ. ಹಾಗಾಗಿ ಕೊರೊನಾ ಬಂದ ವರ್ಷದ ಆಗಸ್ಟಿನಲ್ಲಿ, ಕಂದು ಬಣ್ಣದ ಅಯೋಡಿನ್ ಔಷಧಿ ಬೆರೆಸಿ ಮುಕ್ಕಳಿಸಿದರೆ ಬಾಯೊಳಗಿನ ವೈರಸ್ ಕಡಿಮೆಯಾಗಬಹುದು ಎಂದು ಟಿವಿಯಲ್ಲಿ ಬಂದಾಗ ಯಾರೂ ಎರಡನೇ ಮಾತಾಡಲಿಲ್ಲ. ಸಂಜೆಯೊಳಗೆ ಔಷಧಿ ಅಂಗಡಿಗಳ ಕಪಾಟು ಬರಿದಾಗಿತ್ತು. ಮಿಸಾವೊ ಸೈಕಲ್ ತುಳಿದು ಅಂಗಡಿಯಿಂದ ಅಂಗಡಿಗೆ ಅಲೆದು, ಸ್ಟೇಷನ್ ಹಿಂದಿನ ಸಣ್ಣ ಅಂಗಡಿಯಲ್ಲಿ ಉಳಿದಿದ್ದ ಸೀಸೆಯನ್ನು ಗೆದ್ದವಳಂತೆ ತಂದಳು.

"ವೈರಸ್ ಕಮ್ಮಿ ಆಗತ್ತೆ ಅಂದ್ರು, ಕಾಯಿಲೆ ಬರಲ್ಲ ಅಂದ್ರಾ?" ಎಂದಳು ನರ್ಸ್ ಓನಿಶಿ. "ಡಾಕ್ಟರುಗಳೇ ಇನ್ನೂ ಕಿತ್ತಾಡ್ತಿದಾರೆ. ಥೈರಾಯ್ಡ್ ಇರೋರಿಗಂತೂ ಇದು ಬೇಡವೇ ಬೇಡ."

"ಮುಕ್ಕಳಿಸೋಕೆ ಬರೋರಿಗೆ ಮಾತ್ರ ಕೊಡ್ತೀನಿ, ಓನಿಶಿ-ಸಾನ್. ಕೆಟ್ಟದ್ದಂತೂ ಆಗಲ್ವಲ್ಲ."

"ಸರಿ. ಆದ್ರೆ ಬೇಸಿನ್ ಹತ್ರಾನೇ ಕೊಡಿ."

ಮುಕ್ಕಳಿಸಲು ಬಾರದವರಲ್ಲಿ ಮೊದಲನೆಯವನು ತೊಕುಜೊ ಅಜ್ಜ. ಚಳಿಗಾಲದಲ್ಲಿ ಪಾರ್ಶ್ವವಾಯು ಬಡಿದ ಮೇಲೆ ಅವನ ಗಂಟಲಿಗೆ ನುಂಗುವ ಚುರುಕು ಹೋಗಿತ್ತು. ತೆಳು ನೀರು ಕುಡಿದರೆ ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿಯುತ್ತಿತ್ತು. ಒಮ್ಮೆ ನ್ಯುಮೋನಿಯಾ ಆಗಿ ಉಳಿದಿದ್ದ, ಇನ್ನೊಮ್ಮೆ ಆದರೆ ಕಷ್ಟ ಎಂದು ವೈದ್ಯರು ಮಗಳು ಚಿಜುರುವಿಗೆ ಹೇಳಿದ್ದರು. ಅದಕ್ಕೇ ಅವನ ಚಹಾಕ್ಕೆ ಪುಡಿ ಬೆರೆಸಿ ಗಂಜಿಯ ಹಾಗೆ ಮಂದ ಮಾಡಿ ಕೊಡುತ್ತಿದ್ದರು.

"ಏನೇ ತಂಗಿ, ಇವತ್ತೂ ಅಂಟು ಕುಡಿಸ್ತೀಯಾ?" ಎಂದು ಅವನು ದಿನವೂ ಕೂಗುತ್ತಿದ್ದ. "ನಾನೇನು ಗೋಡೆಗೆ ಹಚ್ಚೋ ಪೋಸ್ಟರಾ?"

ಅವನು ಮಾತಾಡುವುದೇ ಕೂಗಿ. ಆಯುಷ್ಯವೆಲ್ಲ ಟವೆಲ್ ಮಗ್ಗಗಳ ಸದ್ದಿನಲ್ಲಿ ಕಳೆದ ಕಿವಿ ಅದು, ಮುದುಕನಾಗುವ ಮೊದಲೇ ಮುಚ್ಚಿಹೋಗಿತ್ತು. ಆದರೆ ಮಗ್ಗದ ಮನೆಯಲ್ಲಿ ಎಲ್ಲರೂ ಕಲಿಯುವ ಹಾಗೆ ಅವನೂ ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತಿದ್ದ. ಆ ವರ್ಷ ಎಲ್ಲರ ತುಟಿಯೂ ಮಾಸ್ಕಿನ ಹಿಂದೆ ಸರಿಯಿತು. ಅವನ ಲೋಕ ಎರಡನೇ ಸಲ ಮೌನವಾಯಿತು.

ಆ ದಿನ ಬೇಸಿನ್ ಮುಂದೆ ಗುಂಪು ಕೂಡಬಾರದೆಂದು, ಊಟ ಮುಗಿಯುತ್ತಿದ್ದಂತೆ ಮಿಸಾವೊ ಔಷಧಿಯ ಲೋಟಗಳನ್ನು ಮೇಜಿನ ಮೇಲೆಯೇ ಇಟ್ಟಳು, ಪಕ್ಕದಲ್ಲಿ ಉಗಿಯುವ ಬಟ್ಟಲು. ಓನಿಶಿಯ ಮಾತು ನೆನಪಿತ್ತು. ಒಂದು ದಿನಕ್ಕೆ ಏನಾದೀತು ಅಂದುಕೊಂಡಳು. ಸೆಕೆ ವಿಪರೀತ. ಅಡುಗೆಮನೆಯಿಂದ ಬಾರ್ಲಿ ಚಹಾದ ಹೂಜಿಯೂ ಬಂದಿತ್ತು. ಹುರಿದ ಬಾರ್ಲಿ ಕುದಿಸಿ ತಣಿಸಿದ ಆ ಚಹಾ ಇಲ್ಲದೆ ನಮ್ಮಲ್ಲಿ ಬೇಸಿಗೆಯೇ ಇಲ್ಲ. ಅದೇ ಲೋಟ, ಅದೇ ತಿಳಿ ಕಂದು.

ಮಿಸಾವೊ ತಿರುಗಿ ನೋಡಿದಾಗ ತೊಕುಜೊ ಅಜ್ಜನ ಕೈ ಪಕ್ಕದ ಕುರ್ಚಿಯವರ ಲೋಟದ ಮೇಲಿತ್ತು.

"ಕುಡೀಬೇಡಿ! ಅಜ್ಜಾ, ಅದು ಚಹಾ ಅಲ್ಲ!"

ಅಜ್ಜ ಅವಳತ್ತ ನೋಡಿದ. ಕಂಡದ್ದು ಬಿಳಿ ಮಾಸ್ಕು ಮಾತ್ರ. ಎಷ್ಟೋ ತಿಂಗಳ ಮೇಲೆ ತೆಳು ಚಹಾ ಸಿಕ್ಕ ಖುಷಿಯಲ್ಲಿ ಕಳ್ಳನಂತೆ ನಕ್ಕು, ಲೋಟ ಎತ್ತಿದ.

ಮೊದಲು ಒಂದು ಸಣ್ಣ ಕೆಮ್ಮು. ಆಮೇಲೆ ಕೆಮ್ಮೂ ಬರಲಿಲ್ಲ. ಕಣ್ಣು ಹೊರಚಾಚಿತು, ತುಟಿ ನೀಲಿಗಟ್ಟಿತು. ಮಿಸಾವೊ ಅವನನ್ನು ಮುಂದಕ್ಕೆ ಬಗ್ಗಿಸಿ ಹೆಗಲೆಲುಬುಗಳ ನಡುವೆ ಗುದ್ದಿದಳು, ಮತ್ತೆ ಗುದ್ದಿದಳು. ಓನಿಶಿ ಕಫ ಹೀರುವ ಯಂತ್ರ ಎಳೆದು ತಂದು ಗಂಟಲಿಗೆ ನಳಿಕೆ ಇಳಿಸಿದಳು. ಕಂದು ನೀರು ನಳಿಕೆಯಲ್ಲಿ ಏರಿತು. ಕೊನೆಗೆ ಹಳೆಯ ಬಾಗಿಲು ಕಿರುಗುಟ್ಟಿದಂತೆ ಅವನ ಉಸಿರು ಒಳಗೆ ಹೋಯಿತು.

ವೈದ್ಯರು ಎದೆಯ ಚಿತ್ರ ತೆಗೆದು ನೋಡಿ, ಔಷಧಿಗಿಂತ ಅದರ ಜೊತೆ ಎದೆಗೆ ಇಳಿದಿರಬಹುದಾದ ಬಾಯಿಯ ಕೊಳೆಯ ಭಯ ಹೆಚ್ಚು ಎಂದರು. ಸದ್ಯಕ್ಕೆ ಮನೆಗೆ ಕಳಿಸಿದರು, ಜ್ವರ ಬಂದರೆ ಕೂಡಲೇ ಆಸ್ಪತ್ರೆ. ಆ ದಿನಗಳಲ್ಲಿ ಆಸ್ಪತ್ರೆಗೆ ಸೇರಿದವರನ್ನು ಮನೆಯವರು ನೋಡುವ ಹಾಗಿರಲಿಲ್ಲ. ಕಿವಿ ಕೇಳದ ಮುದುಕ, ಸುತ್ತ ಬರೀ ಮಾಸ್ಕುಗಳು. ಹೊರಗೆ ಬರುವುದು ಅವನೋ, ಅವನ ಬೂದಿಯೋ.

ಫೋನಿನಲ್ಲಿ ಮಿಸಾವೊ ಚಿಜುರುವಿಗೆ ಎಲ್ಲವನ್ನೂ ಹೇಳಿದಳು. "ಬೇಸಿನ್ ಹತ್ರ ಕೊಡಿ ಅಂದಿದ್ರು. ಮೇಜಿನ ಮೇಲಿಟ್ಟಿದ್ದು ನಾನು."

"ಚಹಾ ಥರ ಕಾಣ್ತಿತ್ತಾ?" ಎಂದಳು ಚಿಜುರು. ಉತ್ತರಕ್ಕೆ ಕಾಯದೆ ಫೋನ್ ಇಟ್ಟಳು.

ಸಂಜೆ ಮಿಸಾವೊ ಅವರ ಮನೆಯ ಅಂಗಳದ ಕಡೆಯ ಗಾಜಿನ ಬಾಗಿಲ ಮುಂದೆ ನಿಂತಳು. ಚಿಜುರು ಬಾಗಿಲನ್ನು ಬೆರಳಗಲ ಮಾತ್ರ ಸರಿಸಿದಳು.

"ಮತ್ತೆ ಆ ಕಂದು ನೀರು ತಂದ್ರಾ?"

"ಇಲ್ಲ. ಬ್ರಷ್ಷು, ಸ್ಪಂಜು. ಬಾಯಿ ಚೊಕ್ಕವಾಗಿದ್ರೆ ಎದೆಗೆ ಇಳಿಯೋ ಕೊಳೆ ಕಮ್ಮಿ. ಇವತ್ತು ಬಿಡಬಾರದು, ಚಿಜುರು-ಸಾನ್. ನನ್ನ ಒಳಗೆ ಬಿಡಬೇಡಿ. ನೀವೇ ಮಾಡಿ, ನಾನು ಇಲ್ಲಿಂದ ಹೇಳ್ತೀನಿ."

"ನನಗೆ ಅವರ ಬಾಯಿಗೆ ಕೈ ಹಾಕಿ ಗೊತ್ತಿಲ್ಲ."

"ನನಗೂ ಗೊತ್ತಿರಲಿಲ್ಲ. ನಮ್ಮಮ್ಮ ಹೋದ್ರು."

ಚಿಜುರು ಬಾಗಿಲನ್ನು ಇನ್ನೊಂದಿಷ್ಟು ಸರಿಸಿದಳು. ಬ್ರಷ್ಷಿನ ಚೀಲವನ್ನು ಸಂದಿಯಿಂದ ಎಳೆದುಕೊಂಡು ಬಾಗಿಲು ಮುಚ್ಚಿದಳು. ಒಳಗೆ ಅಜ್ಜನ ಹಾಸಿಗೆಯನ್ನು ಗಾಜಿನ ಹತ್ತಿರಕ್ಕೆ ಎಳೆದಳು.

ಅಜ್ಜ ಹಲ್ಲು ಕಚ್ಚಿ ಮುಖ ತಿರುಗಿಸಿದ. ಮಗಳು ಗದರಿದಳು, ಬೇಡಿದಳು. ಬ್ರಷ್ಷು ತುಟಿಯಿಂದ ಒಳಗೆ ಹೋಗಲಿಲ್ಲ. ಆಗ ಮಿಸಾವೊ ಗಾಜಿನ ಹೊರಗೆ ಮಾಸ್ಕು ಕೆಳಗಿಳಿಸಿ, ಗಾಜನ್ನು ತಟ್ಟಿದಳು. ಅಜ್ಜನ ಕಣ್ಣು ಅವಳ ತುಟಿಗೆ ಬಂದು ನಿಂತಿತು.

"ಅಜ್ಜ," ಎಂದಳು ಸದ್ದಿಲ್ಲದೆ, ತುಟಿಯಲ್ಲೇ. "ತಪ್ಪಾಯ್ತು. ಬಾಯಿ ತೆಗೀರಿ."

ಅವನು ಬಾಯಿ ತೆರೆದ.

"ಕೆನ್ನೆಯ ಒಳಗಿಂದ ಶುರು ಮಾಡಿ," ಎಂದು ಮಿಸಾವೊ ಈಗ ಗಟ್ಟಿಯಾಗಿ ಕೂಗಿದಳು. "ಅಂಗುಳಕ್ಕೆ ಸ್ಪಂಜು, ಹಿಂದಿನಿಂದ ಮುಂದಕ್ಕೆ. ನೀರು ಚೆನ್ನಾಗಿ ಹಿಂಡಿ! ತಲೆ ಹಿಂದಕ್ಕೆ ವಾಲದ ಹಾಗೆ ಹಿಡೀರಿ." ನಾಲಗೆಯ ಬುಡದಿಂದ ಕಂದು ಲೋಳೆ ಬಂತು. ಚಿಜುರು ಅದನ್ನು ಗಾಜಿನತ್ತ ಎತ್ತಿ ತೋರಿಸಿದಳು. ಮಿಸಾವೊ ತಲೆಯಾಡಿಸಿದಳು.

ಆಮೇಲೆ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ, ಸಂಜೆ ಬರುವಾಗ, ಅವಳು ಆ ಅಂಗಳಕ್ಕೆ ಬಂದೇ ಬರುತ್ತಿದ್ದಳು. ಚಿಜುರು ಮಾತಾಡುತ್ತಿರಲಿಲ್ಲ. ಜ್ವರ ನೋಡುವ ಕಡ್ಡಿಯನ್ನು ಗಾಜಿಗೆ ಒತ್ತಿ ಹಿಡಿಯುತ್ತಿದ್ದಳು. ಒಮ್ಮೆ ಅಂಕಿ ಏರಿತು. ಆ ಸಂಜೆ ಇಬ್ಬರೂ ಗಾಜಿನ ಆಚೆ ಈಚೆ ಮಂಡಿಯೂರಿ ಕುಳಿತೇ ಇದ್ದರು. ಕತ್ತಲಾಗುವ ಹೊತ್ತಿಗೆ ಮತ್ತೆ ಕಡ್ಡಿ ಇಟ್ಟಾಗ ಅಂಕಿ ಇಳಿದಿತ್ತು. ಮರುದಿನವೂ ಏರಲಿಲ್ಲ. ಅದರಾಚೆಯ ದಿನವೂ ಇಲ್ಲ.

ಇನ್ನು ಹೆದರಬೇಕಿಲ್ಲ ಎಂದು ವೈದ್ಯರು ಹೇಳಿಹೋದ ದಿನ, ಚಿಜುರು ಒಂದು ಲೋಟವನ್ನು ಅಂಗಳದ ಕಟ್ಟೆಯ ಮೇಲಿಟ್ಟು ಒಳಗೆ ಸರಿದಳು. ಕಂದು ಬಣ್ಣ, ಮೇಲೆ ಮಂಜುಗಡ್ಡೆ. ಮಿಸಾವೊ ಅದನ್ನು ಮುಟ್ಟಲು ಹೆದರಿದಳು.

ಗಾಜಿನ ಹಿಂದಿನಿಂದ ಬೀದಿಗೆಲ್ಲ ಕೇಳುವ ಹಾಗೆ ಅಜ್ಜ ಕೂಗಿದ:

"ಕುಡಿಯೇ ತಂಗಿ! ಅದು ಚಹಾನೇ. ನಿಂದಕ್ಕಿಂತ ಚೆನ್ನಾಗಿದೆ!"