ಅಕ್ಕ ಆರಿಸಿ ತಂದ ತಂಪು

ನಮ್ಮ ಭಾವನಿಗೆ ಬೆವರು ಬರುತ್ತಿರಲಿಲ್ಲ. ಅವರು ಕೆಲಸಕ್ಕಿದ್ದ ಲಾಂಡ್ರಿಯಲ್ಲಿ ಹಬೆಯ ಕೊಳವೆ ಒಡೆದು ಎದೆ, ಬೆನ್ನು, ತೋಳು ಎಲ್ಲ ಬೆಂದುಹೋಗಿತ್ತು. ಗಾಯ ಮಾಯ್ದು ಬಂದ ಚರ್ಮಕ್ಕೆ ಬೆವರುವ ಶಕ್ತಿಯೇ ಇರಲಿಲ್ಲ. ಮೈಯ ಕಾವು ಹೊರಗೆ ಹೋಗುವುದಿಲ್ಲ, ಬೇಸಿಗೆಯಲ್ಲಿ ತಂಪಾದ ಕೋಣೆಯಲ್ಲೇ ಇರಬೇಕು, ಇಲ್ಲದಿದ್ದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಅಕ್ಕನಿಗೆ ಬಿಡಿಸಿ ಹೇಳಿದ್ದರು.

ಅಕ್ಕ ಟೈಲರ್. ಅಳತೆ ಇಲ್ಲದೆ ಕತ್ತರಿ ಮುಟ್ಟುವವಳಲ್ಲ. ಏಸಿ ಕೊಳ್ಳಲು ಹೊರಟಾಗಲೂ ಟೇಪು ಹಿಡಿದು ಕೋಣೆಯ ಉದ್ದಗಲ, ಬಿಸಿಲು ಬೀಳುವ ಕಿಟಕಿ ಎಲ್ಲ ಅಳೆದಿದ್ದಳು. ಅಂಗಡಿಯವನಿಗೆ ಅವಳು ಕೊಟ್ಟ ಕಾಟ ನೋಡಿ ಜೊತೆಗಿದ್ದ ನನಗೇ ನಾಚಿಕೆಯಾಯಿತು. ಐದು ಸ್ಟಾರ್ ಯಾಕೆ, ಇನ್ವರ್ಟರ್ ಅಂದರೇನು, ಎಷ್ಟು ಕರೆಂಟ್ ಕುಡಿಯುತ್ತದೆ, ಒಂದನ್ನೂ ಬಿಡಲಿಲ್ಲ. ಆ ಪೆಟ್ಟಿಗೆಯನ್ನು ಬಟ್ಟೆ ನೋಡುವ ಹಾಗೆ ಸವರಿಯೂ ನೋಡಿದಳು, ಪುಣ್ಯಾತ್ಗಿತ್ತಿ.

ಕೊನೆಗೆ ಅವನೊಂದು ಪ್ರಶ್ನೆ ಕೇಳಿದ: ಕೋಣೆಯಲ್ಲಿ ಕಾವು ಬಿಡುವಂಥದ್ದು ಏನಾದರೂ ಇದೆಯಾ? ಇತ್ತಲ್ಲ, ಅಕ್ಕನ ಇಸ್ತ್ರಿ ಪೆಟ್ಟಿಗೆ, ಮೋಟಾರ್ ಮಷಿನ್. ಭಾವನ ಮಂಚದ ಪಕ್ಕದಲ್ಲೇ ಅವಳ ಹೊಲಿಗೆ. ಅವೆಲ್ಲ ಒಳಗಿದ್ದರೆ ದೊಡ್ಡ ಏಸಿಯೇ ಬೇಕು, ಅದನ್ನು ಆ ಹಳೇ ಮನೆಯ ವೈರಿಂಗ್ ತಡೆಯುವುದಿಲ್ಲ. ಹೊರಗಿಟ್ಟರೆ ಚಿಕ್ಕದು ಸಾಕು, ಕರೆಂಟೂ ಉಳಿತಾಯ. ಅಕ್ಕ ಹಿಂದೆಮುಂದೆ ನೋಡದೆ ಚಿಕ್ಕದನ್ನು ತಂದಳು, ಮಷಿನನ್ನು ವರಾಂಡಕ್ಕೆ ಎಳೆದಳು.

ಭಾವ ಮಾತಿನ ಮಲ್ಲ. ಅಕ್ಕ ಹೊಲಿಯುವಾಗ ಪಕ್ಕದಲ್ಲಿ ಕೂತು ಕಚ್ಚಾ ಹೊಲಿಗೆ ಬಿಚ್ಚಿಕೊಡುತ್ತ, ಗಿರಾಕಿಗಳ ಸೊಂಟದ ಸುತ್ತಳತೆಯ ಬಗ್ಗೆ ತಲೆಹರಟೆ ಮಾಡಿ ಅವಳಿಂದ ಬೈಸಿಕೊಳ್ಳುವುದೇ ಅವರ ಸುಖ. ಈಗ ಅವರು ಒಳಗೆ, ಅವಳು ಹೊರಗೆ. ಮಾತಾಡಬೇಕೆಂದು ಅವರು ಬಾಗಿಲು ತೆರೆದರೆ ಸಾಕು, ತಂಪೆಲ್ಲ ಪೋಲಾಗುತ್ತದೆ, ಮೊದಲು ಬಾಗಿಲು ಹಾಕಿ ಎಂದು ಅಕ್ಕ ರೇಗುತ್ತಿದ್ದಳು. ಗಂಡನನ್ನು ಉಳಿಸಿಕೊಳ್ಳಬೇಕಲ್ಲ, ಅದಕ್ಕೇ ಆ ರೇಗಾಟ. ನನ್ನ ಹತ್ತಿರ ಮಾತ್ರ ಭಾವ ಒಮ್ಮೆ ಹೇಳಿದ್ದರು: "ಒಳಗೆ ಹಾಯಾಗಿದೆ ಕಣಮ್ಮ. ಆದ್ರೆ ನಿಮ್ಮಕ್ಕ ಬೈಯೋದು ಕೇಳ್ಸೋದೇ ಇಲ್ಲ."

ಬಿಸಿಲು ಸುಡುತ್ತಿದ್ದ ಒಂದು ಮಧ್ಯಾಹ್ನ ಅಕ್ಕ ಗಿರಾಕಿಯೊಬ್ಬಳಿಗೆ ಬಟ್ಟೆ ಕೊಟ್ಟುಬರಲು ಹೋಗಿದ್ದಳು. ತೋಳು ಬಿಗಿಯಾಯಿತೆಂದು ಅಲ್ಲೇ ಕೂತು ಸರಿಮಾಡಿಕೊಡುವಷ್ಟರಲ್ಲಿ ತಡವಾಯಿತು. ವಾಪಸು ಬರುವ ದಾರಿಯಲ್ಲಿ ನನಗೆ ಸಿಕ್ಕಳು, ಇಬ್ಬರೂ ಒಟ್ಟಿಗೇ ಮನೆಗೆ ಬಂದೆವು.

ಭಾವ ವರಾಂಡದಲ್ಲಿ ಅವಳ ಸ್ಟೂಲಿನ ಮೇಲೆ ಕೂತು ಮಷಿನ್ನಿಗೆ ತಲೆಯಾನಿಸಿದ್ದರು. ತೊಡೆಯ ಮೇಲೆ ಅರ್ಧ ಕಚ್ಚಾ ಹೊಲಿಗೆ ಬಿಚ್ಚಿದ ಅಂಗಿ. ಮೈ ಮುಟ್ಟಿದರೆ ಕೆಂಡ. ಎಷ್ಟು ಕೂಗಿದರೂ ಓಗೊಡಲಿಲ್ಲ. ಡಾಕ್ಟರು ಬಂದು ನಾಡಿ ನೋಡಿ, ಜೀವ ಹೋಗಿ ಆಗಲೇ ಹೊತ್ತಾಗಿದೆ ಅಂದರು. ಆ ಹಾಳು ಅಂಗಿ ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕೋಣೆಯ ಬಾಗಿಲು ಭದ್ರವಾಗಿ ಮುಚ್ಚಿತ್ತು. ಅಕ್ಕ ತೆರೆದಳು. ಏಸಿ ಓಡುತ್ತಲೇ ಇತ್ತು, ಒಳಗೆ ತಣ್ಣಗೆ ಕೊರೆಯುತ್ತಿತ್ತು. ಅವಳು ಹೊಸ್ತಿಲ ಮೇಲೆ ಕೂತು ನನ್ನ ಕೈ ಹಿಡಿದುಕೊಂಡಳು.

"ತೆರೆದೇ ಬಿಟ್ಟು ಬಂದಿದ್ರೆ ಒಂದಿಷ್ಟಾದ್ರೂ ತಂಪು ತಾಗ್ತಿತ್ತಲ್ಲೇ," ಅಂದಳು. "ನಾನು ಬೈತೀನಿ ಅಂತ ಹಾಕ್ಕೊಂಡು ಬಂದಿದಾರೆ."