ಪದ್ಯಕ್ಕೆ ಕಾದ ಅಂಬಿಗ

ನಾನು ಸಂಗೀತ ಮಾಡುವುದು ಕಂಪ್ಯೂಟರಿನಲ್ಲಿ. ಐವರ್ನಾಡಿನ ನನ್ನ ಮಾವನವರ ಪ್ರಕಾರ ಅದು ವಿಡಿಯೋ ಗೇಮ್ ಆಡುವುದು. ವಾದಿಸುವಂತೆಯೂ ಇಲ್ಲ, ಗೇಮ್ ತಯಾರಿಸುವ ಸಾಫ್ಟ್‌ವೇರಿನಲ್ಲೇ ನನ್ನ ಕೆಲಸ. ಕಡಬದ ನಿರ್ದೇಶಕಿಯೊಬ್ಬಳು ಆನ್‌ಲೈನ್ ನಾಟಕಕ್ಕೆ ಸಂಗೀತ ಕೇಳಿದಾಗ, ಮಾವನ ಬಾಯಿ ಮುಚ್ಚಿಸಲು ಇದೇ ಅವಕಾಶವೆಂದು ಒಪ್ಪಿಕೊಂಡೆ.

ಒಂದೇ ಪಾತ್ರ: ಸೇತುವೆ ಬಂದು ಕೆಲಸ ಕಳೆದುಕೊಂಡ ಅಂಬಿಗ. ವೇಷವಿಲ್ಲದೆ ಕುಳಿತು ಮಾತಿನಲ್ಲೇ ಪಾತ್ರ ಕಟ್ಟುವ, ಪಂಜದ ಹಿರಿಯ ತಾಳಮದ್ದಳೆ ಅರ್ಥಧಾರಿಯೊಬ್ಬರು ತಮ್ಮ ಮನೆಯಲ್ಲೇ ಕ್ಯಾಮೆರಾದ ಮುಂದೆ ಕುಳಿತು ಮಾತಾಡಬೇಕು. ಪರದೆಯ ಮೇಲೆ ಹೊಳೆ, ದೋಣಿ. ಪುತ್ತೂರಿನ ನನ್ನ ಕೋಣೆಯಿಂದ ಸಂಗೀತ. ಅವರ ದನಿ ಏರಿದರೆ ವಾದ್ಯಗಳೂ ಏರುತ್ತವೆ, ತಗ್ಗಿದರೆ ತಗ್ಗುತ್ತವೆ. ಅವರು ಪೂರ್ತಿ ಸುಮ್ಮನಾದಾಗ ಕೊನೆಯ ರಾಗ ತಾನಾಗಿ ಶುರುವಾಗಬೇಕು. ಆ ರಾಗಕ್ಕಾಗಿ ನಾನು ಊಟ ನಿದ್ದೆ ಬಿಟ್ಟಿದ್ದೆ.

ಅಭ್ಯಾಸದಲ್ಲಿ ಹಿರಿಯರು ನಾಲ್ಕು ಮಾತಾಡಿ ನಿಲ್ಲಿಸುತ್ತಿದ್ದರು. ಉಳಿದದ್ದು ನಾಟಕದ ದಿನಕ್ಕೆ ಎನ್ನುತ್ತಿದ್ದರು. ನಾವು ತಲೆಯಾಡಿಸಿದೆವು.

ಆ ದಿನ ಮಾವನ ಮನೆಯವರೆಲ್ಲ ಟಿವಿಯ ಮುಂದೆ ಕುಳಿತರು. ಅಂಬಿಗ ಹೊಳೆಯ ಹುಟ್ಟು ಹೇಳಿದ, ದೋಣಿಯ ಮರದ ಗುಣ ಹೇಳಿದ, ಸೇತುವೆಯ ಇಂಜಿನಿಯರನನ್ನು ತರ್ಕದಲ್ಲಿ ಸೋಲಿಸಿದ. ನಿಲ್ಲಿಸಲಿಲ್ಲ. ನಾಟಕದ ಹೊತ್ತು ಮುಗಿಯುತ್ತ ಬಂತು. ನನ್ನ ರಾಗ ಕಂಪ್ಯೂಟರಿನೊಳಗೇ ಕುಳಿತಿತ್ತು. ನಿರ್ದೇಶಕಿ ಫೋನ್ ಮಾಡಿ, "ಎಂತ ಮಾಡುದು ಸರ್, ಇವರು ನಿಲ್ಸುದೇ ಇಲ್ಲ" ಎಂದಳು.

ಆಗ ಗೊತ್ತಾಯಿತು. ತಾಳಮದ್ದಳೆಯಲ್ಲಿ ಪದ್ಯದ ಮೇಲೆ ಆಡುವ ಮಾತೇ ಅರ್ಥ; ಅದು ಉದ್ದವಾದರೆ ಹಾಡುವ ಭಾಗವತರು ತಾಳ ತಟ್ಟಿ ಮುಂದಿನ ಪದ್ಯ ಎತ್ತುತ್ತಾರೆ. ಇಲ್ಲಿ ಯಾರೂ ಎತ್ತಲಿಲ್ಲ, ಹಾಗಾಗಿ ಸಭೆಗೆ ಇನ್ನೂ ಬೇಕೆಂದೇ ಅವರ ಲೆಕ್ಕ. ನನ್ನ ಹಿನ್ನೆಲೆ ಸಂಗೀತ ಅವರಿಗೆ ಬರೀ ಶ್ರುತಿ. ಯಂತ್ರ ಅವರ ಮೌನಕ್ಕೆ ಕಾಯುತ್ತಿತ್ತು, ಅವರು ಪದ್ಯಕ್ಕೆ ಕಾಯುತ್ತಿದ್ದರು.

ಸಿಟ್ಟಿನಲ್ಲಿ ಮೈಕ್ ತೆರೆದು ಅಂಗೈಯಿಂದ ಮೇಜಿಗೆ ತಾಳ ಬಡಿದೆ. ಅವರು ಅರ್ಧ ವಾಕ್ಯಕ್ಕೆ ನಿಲ್ಲಿಸಿದರು. ರಾಗ ಶುರುವಾಯಿತು. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಅವರ ಪಾಲಿಗೆ ಅದೇ ಪದ್ಯ. ಪದ್ಯ ಮುಗಿದ ಮೇಲೆ ಅರ್ಥ ಹೇಳಬೇಕಲ್ಲ, ಹೇಳಿದರು:

"ಸೇತುವೆ ಬಂದದ್ದು ಒಳ್ಳೆಯದೇ. ಆದರೆ ಇನ್ನು ಆಚೆ ದಡದಿಂದ ನನ್ನನ್ನು ಯಾರೂ ಕೂಗಿ ಕರೆಯುವುದಿಲ್ಲ."

ಮಾತೇ ಇಲ್ಲದ ನನ್ನ ರಾಗದಲ್ಲಿ ಇದಿತ್ತೆಂದು ನನಗೇ ಗೊತ್ತಿರಲಿಲ್ಲ. ಕಣ್ಣು ತುಂಬಿಬಂತು. ಅಷ್ಟರಲ್ಲಿ ಮಾವನ ಫೋನ್.

"ಅರ್ಥ ಭಾರೀ ಲಾಯ್ಕಾಯ್ತು. ಮ್ಯೂಸಿಕ್ಕೂ ಎಂತದೋ ಇತ್ತು. ಆ ಮೇಜು ಬಡಿದದ್ದು ಯಾರು ಮಾರಾಯ್ರೆ? ಅವರಿಗೆ ಒಳ್ಳೆ ತಾಳಜ್ಞಾನ ಉಂಟು."

ನಾನೇ ಎಂದೆ. ಅವರು ನಂಬಲಿಲ್ಲ.