ಸಿದ್ದಪ್ಪ ಒಳಗೆ, ಬ್ಯಾಡ್ಜು ಹೊರಗೆ

ಗೆಳೆಯರೇ, ತುರ್ತುಪರಿಸ್ಥಿತಿ ಮುಗಿದ ಮೇಲೆ ಇದು ನಮ್ಮ ದಾಸರಹಳ್ಳಿ ಕಾರ್ಖಾನೆಯ ಮೊದಲ ಮುಷ್ಕರ. ಇವತ್ತು ಮಧ್ಯಾಹ್ನ ಗೇಟಿನ ಮುಂದಿನ ಶಾಮಿಯಾನದಲ್ಲಿ ನಮ್ಮ ಜೊತೆ ಕೂತಿದ್ದ ಗದಗಿನ ಸಿದ್ದಪ್ಪ ಎದ್ದು ನಿಂತ. ಅಂಗಿಯ ಮೇಲಿದ್ದ ಸಂಘದ ಕೆಂಪು ಬ್ಯಾಡ್ಜನ್ನು ಬಿಚ್ಚಿ, ಪಕ್ಕದಲ್ಲಿದ್ದ ಪ್ಯಾಕಿಂಗ್ ವಿಭಾಗದ ನೂರ್‌ಜಹಾನ್ ಕೈಗಿಟ್ಟ.

"ಜ್ವಾಕಿ ಇಟ್ಕೋ ಅಕ್ಕಾ. ಮನ್ಯಾಗ ಹಿಟ್ಟು ತೀರೇತಿ, ನಾ ಕೆಲಸಕ್ಕ ಹೊಂಟೀನಿ."

ಅವನು ಗೇಟು ದಾಟುತ್ತಿದ್ದಂತೆ ಸಂಘದ ಕಾರ್ಯದರ್ಶಿಗಳು ಮೈಕಿನಲ್ಲೇ ಕೂಗಿದರು: "ಹೇಡಿ!" ಇವರು ಸಂಘವೇ ಸಂಬಳ ಕೊಟ್ಟು ಇಟ್ಟುಕೊಂಡಿರುವವರು.

ನೂರ್‌ಜಹಾನ್ ಕೂತಲ್ಲಿಂದಲೇ ಹೇಳಿದಳು: "ಸಾರ್, ಮುಷ್ಕರ ಆದ್ರೂ ನಿಮ್ಮ ಸಂಬಳ ನಿಲ್ಲಲ್ಲ, ಅದಕ್ಕೇ ನಿಮ್ಗೆ ಧೈರ್ಯ. ಕೆಲಸ ಇರ್ಲಿ ಇಲ್ದಿರ್ಲಿ, ಸರ್ಕಾರ ಎಲ್ರಿಗೂ ತಿಂಗಳಾ ತಿಂಗಳಾ ಮನೆ ನಡ್ಸೋಷ್ಟು ದುಡ್ಡು ಕೊಡ್ಲಿ ಅಂತ ನಮ್ಮ ಬೇಡಿಕೆಗೆ ಸೇರ್ಸಿ."

"ಸುಮ್ನೆ ದುಡ್ಡು ಬಂದ್ರೆ ಸಂಘಕ್ಕೆ ಯಾರಮ್ಮಾ ಬರ್ತಾರೆ?"

"ಈಗ ಬಂದವ್ರೇ ಎದ್ದು ಹೋಗ್ತಿದಾರಲ್ಲ ಸಾರ್! ಮನೇಲಿ ಒಲೆ ಉರೀತಿದ್ರೆ ಸಿದ್ದಪ್ಪ ಯಾಕೆ ಹೋಗ್ತಿದ್ದ? ಮಾಲೀಕ್ರು ಕಾಯ್ತಿರೋದೇ ನಮ್ಮ ಹಸಿವಿಗೆ."

ಕಾರ್ಯದರ್ಶಿಗಳು ಗಡಿಯಾರ ನೋಡಿಕೊಂಡರು. "ಇದನ್ನ ಸಂಜೆ ಚರ್ಚೆ ಮಾಡೋಣ. ಅಲ್ಲೀವರ್ಗೂ ಯಾರೂ ಜಾಗ ಬಿಟ್ಟು ಏಳ್ಬೇಡಿ," ಎಂದವರೇ ಸ್ಕೂಟರ್ ಹತ್ತಿ ಊಟಕ್ಕೆ ಮನೆಗೆ ಹೋದರು.

ನೂರ್‌ಜಹಾನ್ ಸಿದ್ದಪ್ಪನ ಬ್ಯಾಡ್ಜನ್ನು ತನ್ನ ಬ್ಯಾಡ್ಜಿನ ಪಕ್ಕ ಚುಚ್ಚಿಕೊಂಡಳು. ನಾವ್ಯಾರೂ ಏಳಲಿಲ್ಲ. ಊಟಕ್ಕೆ ಏಳಬೇಕಾದರೆ ಮನೆಯಲ್ಲಿ ಊಟ ಇರಬೇಕು.